ಹತ್ತು ಶಿಲ್ಲಿಂಗಿನ ಸಿಂಹ

‘ಲಯನ್ ಕಿಂಗ್’ ನೋಡದವರು ನಮ್ಮ ತಲೆಮಾರಿನಲ್ಲಿ ಅಪರೂಪ. 1994ರ ಆ ಸಿನಿಮಾದಲ್ಲಿ ಟಿಮೋನ್, ಪುಂಬಾ ಅನ್ನೋ ಇಬ್ಬರು ಗೆಳೆಯರು ಕಾಡಿನಲ್ಲಿ ನಡೆದುಕೊಂಡು ಹೋಗ್ತಾ ಒಂದು ಹಾಡಿನ ಚೂರು ಹಾಡ್ತಾರೆ. ಕೆಲವೇ ಸೆಕೆಂಡು. ಹಾಡಿನ ಹೆಸರು ‘ದ ಲಯನ್ ಸ್ಲೀಪ್ಸ್ ಟುನೈಟ್’. ಹೆಸರು ಗೊತ್ತಿಲ್ಲದಿದ್ದರೂ ರಾಗ ಖಂಡಿತ ಕೇಳಿರ್ತೀರಿ. ಆ ರಾಗದ ಮೂಲಪುರುಷ ಜೋಹಾನ್ಸ್‌ಬರ್ಗಿನ ಒಂದು ರೆಕಾರ್ಡ್ ಕಂಪನಿಯಲ್ಲಿ ಡಬ್ಬ ಕಟ್ಟೋ ಕೆಲಸಕ್ಕಿದ್ದ. ಹಾಡಿನ ಹಕ್ಕಿಗೆ ಅವನಿಗೆ ಸಿಕ್ಕಿದ್ದು ಹತ್ತು ಶಿಲ್ಲಿಂಗ್. ಆಗಿನ ವಿನಿಮಯ ದರ ಹಾಕಿ ನೋಡಿದೆ, ನಮ್ಮ ಏಳು ರೂಪಾಯಿಗೂ ಕಡಿಮೆ.

ರಾಗ ಕದ್ದ ಕತೆಗಳು ನಮಗೇನೂ ಹೊಸದಲ್ಲ. ಯೂಟ್ಯೂಬಿನಲ್ಲಿ ಎರಡು ಹಾಡುಗಳನ್ನ ಅಕ್ಕಪಕ್ಕ ಇಟ್ಟು ‘ಕೇಳಿ, ಪಕ್ಕಾ ಕಾಪಿ’ ಅಂತ ತೀರ್ಪು ಕೊಡೋದು ನಮ್ಮ ಆಫೀಸಿನ ಊಟದ ಹೊತ್ತಿನ ಕೆಲಸವೇ ಆಗಿದೆ. ಆದರೆ ಇಲ್ಲಿ ಎರಡು ಹಾಡು ಹೋಲುತ್ತವಾ ಇಲ್ಲವಾ ಅನ್ನೋದು ಸಮಸ್ಯೆಯೇ ಅಲ್ಲ. ಮೂಲ ಹಾಡಿನ ರೆಕಾರ್ಡ್ ಇತ್ತು. ಅದರ ಮೇಲೆ ಹಾಡಿದವನ ಹೆಸರೂ ಇತ್ತು. ಇಷ್ಟೆಲ್ಲ ಇದ್ದೂ ಒಬ್ಬ ಮನುಷ್ಯ ತನ್ನದೇ ಹಾಡಿನಿಂದ ಹೇಗೆ ಹೊರಗೆ ಹೋಗ್ತಾನೆ ಅನ್ನೋದು ನನ್ನ ಕುತೂಹಲ.

ಅವನ ಹೆಸರು ಸಾಲೊಮನ್ ಲಿಂಡಾ. (ಲಿಂಡಾ ಅಂದ ಕೂಡಲೇ ಹೆಂಗಸು ಅಂದುಕೊಳ್ಳಬೇಡಿ. ಝುಲು ಭಾಷೆಯಲ್ಲಿ ಆ ಪದಕ್ಕೆ ಕಾಯುವುದು ಅಂತ ಅರ್ಥ.) ಹುಟ್ಟಿದ್ದು 1909ರಲ್ಲಿ, ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತದ ಹಳ್ಳಿಗಾಡಿನಲ್ಲಿ. ಮಿಷನ್ ಶಾಲೆಯಲ್ಲಿ ಒಂದಿಷ್ಟು ಓದಿ, ದನ ಕಾಯ್ದು, ಆ ಕಡೆಯ ಹುಡುಗರೆಲ್ಲ ಮಾಡುತ್ತಿದ್ದ ಹಾಗೆ ಕೆಲಸ ಹುಡುಕಿಕೊಂಡು 1930ರ ದಶಕದಲ್ಲಿ ಜೋಹಾನ್ಸ್‌ಬರ್ಗಿಗೆ ಬಂದ. ಊರು ಬಿಟ್ಟು ಬಂದ ಗಂಡಸರು ಹಾಸ್ಟೆಲುಗಳಲ್ಲಿ ಗುಂಪಾಗಿ ಇರುತ್ತಿದ್ದರು. ಶನಿವಾರ ರಾತ್ರಿ ಆಯ್ತೆಂದರೆ ಆ ಹಾಸ್ಟೆಲುಗಳಲ್ಲಿ ವಾದ್ಯಗಳಿಲ್ಲದ ಮೇಳದ ಹಾಡಿನ ಸ್ಪರ್ಧೆ, ಬೆಳಗಾಗುವ ತನಕ. ನಮ್ಮ ಕಡೆ ಜಾತ್ರೆಯಲ್ಲಿ ಎರಡು ಭಜನಾ ಮೇಳಗಳ ನಡುವೆ ಜಿದ್ದು ಬೀಳುತ್ತಲ್ಲ, ಹಾಗೆ. ತೀರ್ಪುಗಾರ ಯಾರ ಕಡೆಯವನೂ ಆಗಿರಬಾರದು ಅಂತ, ಝುಲು ಭಾಷೆಯ ಗಂಧಗಾಳಿಯೂ ಇಲ್ಲದ ಬಿಳಿಯನೊಬ್ಬನನ್ನ ಬೀದಿಯಿಂದ ಕರೆತಂದು ಕೂರಿಸೋದೂ ಇತ್ತಂತೆ.

ಲಿಂಡಾನ ಮೇಳದ ಹೆಸರು ‘ಈವ್ನಿಂಗ್ ಬರ್ಡ್ಸ್’. ಗೀಟು ಗೀಟಿನ ಸೂಟು, ಹ್ಯಾಟು, ಒಂದೇ ತೆರನಾದ ಹೆಜ್ಜೆ. ಕೆಳಗೆ ಹಲವರು ಮಂದ್ರದಲ್ಲಿ ಹಿಡಿದುಕೊಂಡರೆ, ಮೇಲೆ ಲಿಂಡಾ ಒಬ್ಬನೇ ಹೆಣ್ಣು ಕಂಠದ ಎತ್ತರಕ್ಕೆ ಹೋಗಿ ಹಾರಾಡುತ್ತಿದ್ದ. 1939ರಲ್ಲಿ ಅವನು ಕೆಲಸಕ್ಕಿದ್ದ ಗ್ಯಾಲೋ ಕಂಪನಿಯ ಸ್ಟುಡಿಯೋದಲ್ಲೇ ಈ ಮೇಳ ಒಂದು ಹಾಡು ರೆಕಾರ್ಡ್ ಮಾಡಿತು. ಹೆಸರು ‘ಎಂಬೂಬೆ’, ಅಂದರೆ ಸಿಂಹ. ಮೊದಲೆರಡು ಸಲ ಸರಿ ಹೋಗಲಿಲ್ಲ. ಮೂರನೇ ಸಲ ಹಾಡು ಮುಗಿಯುತ್ತಾ ಬಂದಾಗ ಲಿಂಡಾ ಯಾವ ತಯಾರಿಯೂ ಇಲ್ಲದೆ ಮೇಲಿಂದ ಒಂದು ಹೊಸ ಸಾಲು ಎಳೆದ. ಹದಿನೈದು ಸ್ವರಗಳಿರಬೇಕು, ಅಷ್ಟೇ. ಮುಂದೆ ಜಗತ್ತೆಲ್ಲ ಗುನುಗಿದ್ದು, ವಕೀಲರು ಹೊಡೆದಾಡಿದ್ದು, ಎಲ್ಲ ಆ ಸಾಲಿಗೆ.

ಇಲ್ಲಿ ಒಂದು ಮಾತು ಹೇಳಬೇಕು. ಲಿಂಡಾನೂ ಶೂನ್ಯದಿಂದ ಏನನ್ನೂ ಸೃಷ್ಟಿಸಲಿಲ್ಲ. ಆ ಮೇಳದ ಹಾಡುಗಾರಿಕೆಯಲ್ಲಿ ಝುಲು ಮದುವೆ ಹಾಡೂ ಇದೆ, ಮಿಷನ್ ಶಾಲೆಯ ಪ್ರಾರ್ಥನೆಯೂ ಇದೆ, 1890ರ ದಶಕದಲ್ಲಿ ದಕ್ಷಿಣ ಆಫ್ರಿಕಾ ಸುತ್ತಿದ ಅಮೆರಿಕದ ಕಪ್ಪು ಗಾಯಕರ ಪ್ರಭಾವವೂ ಇದೆ. ರಾಗ ಯಾವಾಗಲೂ ಕೈಯಿಂದ ಕೈಗೆ ದಾಟುತ್ತೆ. ನಮ್ಮ ಕಂಪನಿ ನಾಟಕದವರು ಮರಾಠಿ ಮಟ್ಟು, ಹಿಂದೂಸ್ತಾನಿ ಮಟ್ಟು ಎತ್ತಿಕೊಂಡೇ ಪದ ಬರೆದರು. ಹಳೇ ನಾಟಕದ ಪದಗಳ ಪುಸ್ತಕ ತೆಗೆದರೆ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಅಂತ ರಾಜಾರೋಷವಾಗಿ ಅಚ್ಚಾಗಿರುತ್ತೆ. ನಾಚಿಕೆ ಇಲ್ಲ, ಮುಚ್ಚುಮರೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೋಡನ್ನ ಬಳಸಿಕೊಂಡಿದ್ದಾರೆ ಆದರೆ ಫೈಲಿನ ತಲೆಯಲ್ಲಿರೋ ಲೈಸೆನ್ಸ್ ಕಾಮೆಂಟನ್ನ ಅಳಿಸಿಲ್ಲ. ನನ್ನ ತಕರಾರು ಎರವಲಿನ ಬಗ್ಗೆ ಅಲ್ಲ, ಆ ಕಾಮೆಂಟ್ ಅಳಿಸಿದ್ದರ ಬಗ್ಗೆ.

‘ಎಂಬೂಬೆ’ 1940ರ ದಶಕ ಮುಗಿಯುವಷ್ಟರಲ್ಲಿ ಸುಮಾರು ಒಂದು ಲಕ್ಷ ಪ್ರತಿ ಮಾರಾಟವಾಯಿತು. ಎಷ್ಟು ಜನಪ್ರಿಯ ಅಂದರೆ ಆ ಇಡೀ ಶೈಲಿಯನ್ನೇ ಜನ ‘ಎಂಬೂಬೆ’ ಅಂತ ಕರೆಯತೊಡಗಿದರು. ಆ ರೆಕಾರ್ಡಿನ ಒಂದು ಪ್ರತಿ ಗ್ಯಾಲೋ ಕಳಿಸಿದ ಕಟ್ಟಿನಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಯಾರಿಗೂ ಬೇಡವಾಗಿದ್ದ ಆ ಕಟ್ಟು ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಕೈಗೆ ಸಿಕ್ಕಿ, ಅವನಿಂದ ಗಾಯಕ ಪೀಟ್ ಸೀಗರ್‌ಗೆ ತಲುಪಿತು. ಸೀಗರ್ ರೆಕಾರ್ಡನ್ನ ಮತ್ತೆ ಮತ್ತೆ ತಿರುಗಿಸಿ ಕೇಳಿ ಬರೆದುಕೊಂಡ. ‘ನೀನು ಸಿಂಹ’ ಅನ್ನೋ ಅರ್ಥದ ‘ಉಯಿಂಬೂಬೆ’ ಅವನ ಕಿವಿಗೆ ‘ವಿಮೊವೆ’ ಅಂತ ಬಿತ್ತು. ಯಾವ ಭಾಷೆಯದೂ ಅಲ್ಲದ ಆ ಪದವೇ ಹಾಡಿನ ಹೆಸರಾಯಿತು. 1952ರಲ್ಲಿ ಅವನ ‘ವೀವರ್ಸ್’ ತಂಡದ ‘ವಿಮೊವೆ’ ಅಮೆರಿಕದಲ್ಲಿ ಹಿಟ್.

ರಚನೆ ಯಾರದು ಅಂತ ಆ ರೆಕಾರ್ಡಿನ ಮೇಲೆ ಇದ್ದದ್ದು ‘ಪಾಲ್ ಕ್ಯಾಂಪ್‌ಬೆಲ್’ ಅನ್ನೋ ಹೆಸರು. ಹಾಗನ್ನೋ ಮನುಷ್ಯನೇ ಇರಲಿಲ್ಲ. ಹಳೇ ಜಾನಪದ ಹಾಡುಗಳನ್ನ ತಿದ್ದಿ ಹಾಡಿದಾಗ ಗೌರವಧನ ಪಡೆಯೋಕೆ ವೀವರ್ಸ್ ತಂಡ ಇಟ್ಟುಕೊಂಡಿದ್ದ ಹುಸಿ ಹೆಸರು ಅದು. ಹಾಡು ‘ಆಫ್ರಿಕಾದ ಜಾನಪದ’ ಅಂದ ಮೇಲೆ ಅದಕ್ಕೆ ಒಡೆಯ ಇಲ್ಲ. ಒಡೆಯ ಇಲ್ಲದ್ದಕ್ಕೆ ಯಾರು ಬೇಕಾದರೂ ಬೇಲಿ ಹಾಕಿಕೊಳ್ಳಬಹುದು.

ಸೀಗರ್ ಕೆಟ್ಟವನಲ್ಲ, ಕತೆಯ ಕಷ್ಟ ಇರೋದೇ ಅಲ್ಲಿ. ಕೂಲಿಕಾರರ ಪರ, ಕಪ್ಪು ಜನರ ಹಕ್ಕಿನ ಪರ ಜೀವನವಿಡೀ ಹಾಡಿ, ಕಮ್ಯುನಿಸ್ಟ್ ಅಂತ ಕಪ್ಪುಪಟ್ಟಿಗೆ ಸೇರಿದವನು. ನಿಜವಾದ ಲೇಖಕನೊಬ್ಬ ಇದ್ದಾನೆ ಅಂತ ಗೊತ್ತಾದಾಗ ತನ್ನ ಪಾಲಿನ ದುಡ್ಡು ಅವನಿಗೆ ಕಳಿಸಿ ಅಂದ. ಒಂದು ಸಾವಿರ ಡಾಲರಿನ ಚೆಕ್ಕು ಹೋಯಿತು ಕೂಡ. ಸರಿಯಾದ ಒಪ್ಪಂದ ಆಗುವ ಹಾಗೆ ನೋಡಿಕೊಳ್ಳಬೇಕಿತ್ತು ಅಂತ ಕೊನೆಗಾಲದಲ್ಲಿ ಬೇಸರವನ್ನೂ ಹೇಳಿಕೊಂಡ. ಒಳ್ಳೆಯವನ ಕೈಯಲ್ಲೂ ‘ಜಾನಪದ’ ಅನ್ನೋ ಪದ ಅದೇ ಕೆಲಸ ಮಾಡಿತು.

ಈ ಪದದ ಮೇಲೆ ನನಗೆ ಸಿಟ್ಟಿದೆ. ನಾನು ಬೆಳೆದ ಊರಿನಲ್ಲಿ ಕೋಲಾಟದ ಪದ ಹೊಸದಾಗಿ ಕಟ್ಟುತ್ತಿದ್ದವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ‘ಅದು ಇಂಥವರ ಪದ’ ಅಂತಲೇ ಹೇಳಿ ಹಾಡುತ್ತಿದ್ದರು. ಪದ ಊರ ಗಡಿ ದಾಟಿ ಪೇಟೆಗೆ ಹೋದರೆ ಅದು ‘ಜಾನಪದ’ ಆಗುತ್ತೆ. ಕ್ಯಾಸೆಟ್ಟಿನ ಮೇಲೆ ‘ಸಂಗ್ರಹ’ ಅಂತ ಒಬ್ಬರ ಹೆಸರು, ‘ಸಂಗೀತ’ ಅಂತ ಇನ್ನೊಬ್ಬರ ಹೆಸರು. ಕಟ್ಟಿದವನ ಹೆಸರಿಗೆ ಅಲ್ಲಿ ಜಾಗವೇ ಇರೋದಿಲ್ಲ.

1961ಕ್ಕೆ ಬರೋಣ. ನ್ಯೂಯಾರ್ಕಿನ ‘ಟೋಕನ್ಸ್’ ಅನ್ನೋ ಹುಡುಗರ ತಂಡಕ್ಕಾಗಿ ಜಾರ್ಜ್ ವೈಸ್ ಅನ್ನೋ ಗೀತರಚನಕಾರ ‘ವಿಮೊವೆ’ಯನ್ನ ಬಿಚ್ಚಿ ಮತ್ತೆ ಕಟ್ಟಿದ. ಲಿಂಡಾ ಮೂರನೇ ಟೇಕಿನ ಕೊನೆಗೆ ಎಳೆದಿದ್ದ ಆ ಸಾಲನ್ನೇ ಮುಖ್ಯ ರಾಗ ಮಾಡಿ, ಅದಕ್ಕೆ ಮಲಗಿರೋ ಸಿಂಹದ ಇಂಗ್ಲಿಷ್ ಪದ ಹಾಕಿದ. ಡಿಸೆಂಬರಿನಲ್ಲಿ ಹಾಡು ಅಮೆರಿಕದಲ್ಲಿ ನಂಬರ್ ಒನ್. ರಚನಕಾರರು ಅಂತ ಮೂವರ ಹೆಸರು: ವೈಸ್ ಮತ್ತು ಇಬ್ಬರು ನಿರ್ಮಾಪಕರು. ಈ ವೈಸ್ ಮುಂದೆ ಅಮೆರಿಕದ ಗೀತರಚನಕಾರರ ಸಂಘದ ಅಧ್ಯಕ್ಷನಾಗಿ ವರ್ಷಗಟ್ಟಲೆ ಇದ್ದ. ಬರೆದವರ ಹಕ್ಕು ಕಾಯೋ ಸಂಘ ಅದು!

ಇದೇ ಹಾಡಿಗಾಗಿ ಮುಂದೆ ಅಮೆರಿಕದಲ್ಲಿ ಜಗಳವೂ ಆಯಿತು. ಆದರೆ ಆ ಜಗಳ ವೈಸ್ ಕಡೆಯವರಿಗೂ ಪ್ರಕಾಶಕ ಕಂಪನಿಗೂ ನಡುವೆ. ಎರವಲು ತಂದವರು ಎರಡು ಪಂಗಡವಾಗಿ ಕಚ್ಚಾಡುತ್ತಿದ್ದರೆ ಕೊಟ್ಟವನು ಸಭೆಯಲ್ಲೇ ಇಲ್ಲ.

ಲಿಂಡಾ ವೇದಿಕೆಯ ಮೇಲೆ ಕುಸಿದು ಬಿದ್ದಿದ್ದು 1959ರಲ್ಲಿ. ಸತ್ತಿದ್ದು 1962ರಲ್ಲಿ, ಮೂತ್ರಪಿಂಡದ ಕಾಯಿಲೆಯಿಂದ. ಅವನ ರಾಗ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿ ಒಂದು ವರ್ಷವೂ ಆಗಿರಲಿಲ್ಲ. ಸಮಾಧಿಗೆ ಕಲ್ಲು ಹಾಕಿಸೋಕೆ ಮನೆಯವರಿಗೆ ಹದಿನೆಂಟು ವರ್ಷ ಬೇಕಾಯಿತು.

2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಈ ಕತೆಯನ್ನ ಎಳೆಎಳೆಯಾಗಿ ಬಿಡಿಸಿ ಬರೆದ. ‘ಲಯನ್ ಕಿಂಗ್’ ಬಳಕೆಯೊಂದಕ್ಕೇ ಹಾಡು ಸುಮಾರು 1.5 ಕೋಟಿ ಡಾಲರ್ ದುಡಿದಿರಬಹುದು ಅನ್ನೋದು ಅವನ ಅಂದಾಜು. ಲಿಂಡಾನ ಹೆಣ್ಣುಮಕ್ಕಳು ಆಗ ಸೊವೆಟೊದಲ್ಲಿ ಬಡತನದಲ್ಲಿದ್ದರು. ಕಾನೂನಿನ ಪ್ರಕಾರ ದಾರಿ ಮುಚ್ಚಿತ್ತು. ಲಿಂಡಾ 1952ರಲ್ಲಿ ಹಕ್ಕು ಬರೆದುಕೊಟ್ಟಿದ್ದ. ಅವನು ಹೋದಮೇಲೆ ಹೆಂಡತಿಯಿಂದಲೂ ಮಕ್ಕಳಿಂದಲೂ ಅಮೆರಿಕದ ಪ್ರಕಾಶಕರು ಸಹಿ ಹಾಕಿಸಿಕೊಂಡಿದ್ದರು. ಮೂರು ಸಲ ಸಹಿ ಬಿದ್ದ ಕಾಗದ!

ಓವೆನ್ ಡೀನ್ ಅನ್ನೋ ಹಕ್ಕುಸ್ವಾಮ್ಯದ ವಕೀಲ ಹಳೇ ಕಾಯ್ದೆಯಲ್ಲಿ ಕೈಯಾಡಿಸಿ ಒಂದು ಗಿಂಡಿ ಹುಡುಕಿದ. ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಅನ್ವಯಿಸಿದ್ದ 1911ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ವಿಚಿತ್ರ ನಿಬಂಧನೆ ಇತ್ತು. ಲೇಖಕ ಬದುಕಿದ್ದಾಗ ಹಕ್ಕನ್ನ ಯಾರಿಗೇ ಬರೆದುಕೊಟ್ಟಿರಲಿ, ಅವನು ಸತ್ತು 25 ವರ್ಷ ಆದ ಮೇಲೆ ಅದು ಅವನ ವಾರಸಿಕೆಗೆ ವಾಪಸ್. ಅದಕ್ಕೆ ವಿರುದ್ಧವಾಗಿ ಒಪ್ಪಂದ ಮಾಡಿಕೊಂಡಿದ್ದರೂ ಅದು ನಡೆಯೋದಿಲ್ಲ. ಚಾರ್ಲ್ಸ್ ಡಿಕನ್ಸ್ ಹೆಸರಿನಲ್ಲಿ ಇದನ್ನ ‘ಡಿಕನ್ಸ್ ನಿಬಂಧನೆ’ ಅಂತಲೂ ಕರೀತಾರೆ. 1962ಕ್ಕೆ 25 ಸೇರಿಸಿ: 1987. ಹಕ್ಕು ಹಿಂತಿರುಗಿದ್ದು ಹೆಂಡತಿ ಮಕ್ಕಳ ಹೆಸರಿಗೂ ಅಲ್ಲ, ಲಿಂಡಾನ ಆಸ್ತಿಯ ನಿರ್ವಾಹಕನಿಗೆ. ನಿರ್ವಾಹಕ ಅಂತ ಯಾರೂ ಎಲ್ಲೂ ಸಹಿ ಹಾಕಿರಲಿಲ್ಲ. ಎಷ್ಟೋ ವರ್ಷ ಯಾರೂ ಮುಟ್ಟದೆ ಬಿದ್ದಿದ್ದ ಕೋಡಿನಲ್ಲಿ ಒಂದು ಕಂಡಿಷನ್ ಇನ್ನೂ ಜೀವಂತ ಇದ್ದ ಹಾಗೆ.

2004ರಲ್ಲಿ ಡಿಸ್ನಿ ಮೇಲೆ 16 ಲಕ್ಷ ಡಾಲರಿನ ದಾವೆ ಬಿತ್ತು. ಅಮೆರಿಕದ ಕಂಪನಿಯನ್ನ ಪ್ರಿಟೋರಿಯಾ ಕೋರ್ಟಿಗೆ ಎಳೆಯಬೇಕಾದರೆ ಅದರ ಆಸ್ತಿ ಏನಾದರೂ ಅಲ್ಲಿ ಇರಬೇಕಲ್ಲ? ಇತ್ತು. ದಕ್ಷಿಣ ಆಫ್ರಿಕಾದಲ್ಲಿ ನೋಂದಾಯಿಸಿದ್ದ ಡಿಸ್ನಿಯ 240ಕ್ಕೂ ಹೆಚ್ಚು ಟ್ರೇಡ್‌ಮಾರ್ಕುಗಳನ್ನ ಕೋರ್ಟು ಜಪ್ತಿ ಮಾಡಿತು. ಮಿಕ್ಕಿ ಮೌಸ್, ಡೊನಾಲ್ಡ್ ಡಕ್ ಎಲ್ಲ ಕಟಕಟೆಗೆ! ಈ ಭಾಗ ಓದುವಾಗ ಯಾರಿಗೂ ನಗು ತಡೆಯೋಕಾಗಲ್ಲ.

ಡಿಕನ್ಸ್ ನಿಬಂಧನೆ ನಮಗೂ ಅಷ್ಟೊಂದು ದೂರದ್ದಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1914ರ ಕಾಯ್ದೆಯ ಮೂಲಕ ಜಾರಿಗೆ ಬಂದದ್ದು ಇದೇ 1911ರ ಕಾನೂನು. ಸ್ವಾತಂತ್ರ್ಯ ಬಂದು ನಾವು 1957ರಲ್ಲಿ ನಮ್ಮದೇ ಕಾಯ್ದೆ ಮಾಡಿಕೊಂಡಾಗ ಆ ನಿಬಂಧನೆ ಬಿಟ್ಟುಹೋಯಿತು. 1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕೆ ಅಂತ ದುಡ್ಡು ತೆಗೆದುಕೊಂಡು ಸಂಗೀತ ಮಾಡಿಕೊಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಒಡೆಯ ನಿರ್ಮಾಪಕ ಅಂತ ತೀರ್ಪು ಕೊಟ್ಟಿತು. 2012ರ ತಿದ್ದುಪಡಿ ಬರುವ ತನಕ ಹಾಗೇ ನಡೆಯಿತು. ಥಿಯೇಟರಿನ ಹೊರಗೆ ಹಾಡು ದುಡಿಯೋ ಗೌರವಧನದಲ್ಲಿ ಸಾಹಿತಿಗೆ, ಸಂಗೀತ ನಿರ್ದೇಶಕನಿಗೆ ಸಮಪಾಲು ಇದೆ, ಆ ಪಾಲನ್ನ ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವ ಹಾಗಿಲ್ಲ ಅಂತ ಈಗ ಕಾನೂನು ಹೇಳುತ್ತೆ. ಅಂದರೆ ‘ನೀನು ಸಹಿ ಹಾಕಿದ್ದರೂ ನಾನು ಒಪ್ಪಲ್ಲ’ ಅನ್ನುತ್ತೆ. ಕೆಲಸಕ್ಕೆ ಸೇರಿದ ದಿನ ನಾವೆಲ್ಲ ‘ಇಲ್ಲಿ ಮಾಡಿದ್ದೆಲ್ಲ ಕಂಪನಿಯದು’ ಅನ್ನೋ ಕಾಗದಕ್ಕೆ ಓದದೆ ಸಹಿ ಹಾಕಿದವರೇ. ನಮಗಾದರೂ ತಿಂಗಳ ಕೊನೆಗೆ ಸಂಬಳ ಬರುತ್ತೆ, ಓದೋಕೆ ಇಂಗ್ಲಿಷೂ ಬರುತ್ತೆ. 1952ರ ಜೋಹಾನ್ಸ್‌ಬರ್ಗಿನಲ್ಲಿ, ತಾನು ಕೆಲಸ ಮಾಡುವ ಕಂಪನಿಯೇ ಮುಂದಿಟ್ಟ ಕಾಗದಕ್ಕೆ ಇಲ್ಲ ಅನ್ನೋ ಸ್ವಾತಂತ್ರ್ಯ ಒಬ್ಬ ಕಪ್ಪು ನೌಕರನಿಗೆ ಎಷ್ಟಿತ್ತು ಅನ್ನೋದನ್ನ ಕಾನೂನು ಲೆಕ್ಕಕ್ಕೆ ತಗೊಳ್ಳಲೇಬೇಕು ಅಂತ ನನಗನ್ನಿಸುತ್ತೆ.

ಮಿಕ್ಕಿ ಮೌಸ್ ವಿಚಾರಣೆ ಕೊನೆಗೂ ನಡೆಯಲಿಲ್ಲ. 2006ರ ಫೆಬ್ರವರಿಯಲ್ಲಿ, ವಿಚಾರಣೆ ಶುರುವಾಗೋಕೆ ಕೆಲವೇ ದಿನ ಇದ್ದಾಗ ರಾಜಿ ಆಯಿತು. ‘ದ ಲಯನ್ ಸ್ಲೀಪ್ಸ್ ಟುನೈಟ್’ ಹುಟ್ಟಿದ್ದು ‘ಎಂಬೂಬೆ’ಯಿಂದ ಅಂತ ಒಪ್ಪಿಕೊಂಡರು. ಲಿಂಡಾ ಅದರ ಸಹ ರಚನಕಾರ ಅಂತ ಸೇರಿಸಿದರು. ಹಿಂದಿನ ಬಾಕಿಗೆ ಒಂದು ಮೊತ್ತ, ಮುಂದಿನ ಗಳಿಕೆಯಲ್ಲಿ ಒಂದು ಪಾಲು ಅಂತ ಆಗಿ, ಅದನ್ನ ನೋಡಿಕೊಳ್ಳೋಕೆ ಒಂದು ಟ್ರಸ್ಟ್ ಬಂತು. ಮೂರನೇ ಟೇಕ್ ಆಗಿ ಅಷ್ಟೊತ್ತಿಗೆ 67 ವರ್ಷ. ಲಿಂಡಾನ ಒಬ್ಬ ಮಗಳು ಏಡ್ಸ್ ಔಷಧಿಗೆ ದುಡ್ಡಿಲ್ಲದೆ 2001ರಲ್ಲೇ ತೀರಿಕೊಂಡಿದ್ದಳು. ಪಾಲು ತಗೊಳ್ಳೋಕೆ ಉಳಿದಿದ್ದವರು ಮೂವರು.