ಆಧುನಿಕ ಚಿತ್ರದಲ್ಲಿ ಸಂಕೇತ ಓದುವ ಬಗೆ

ಬೆಟ್ಟದ ಬುದ್ಧ

ಯಾದಗಿರಿ ಜಿಲ್ಲೆಯ ದೋರನಹಳ್ಳಿಯವರಿಗೆ ಶಹಾಪುರದ ಬೆಟ್ಟಸಾಲು ಹೊಸದಲ್ಲ. ಅದರಲ್ಲಿ ಮಲಗಿದ ಬುದ್ಧನನ್ನು ಜನ ಬೆರಳು ಮಾಡಿ ತೋರಿಸುತ್ತಾರೆ. ಆ ಆಕೃತಿಯನ್ನು ಯಾರೂ ಕಡೆದಿಟ್ಟಿಲ್ಲ. ಕಂಡವರ ಕಣ್ಣಿಗೆ ಕಂಡಷ್ಟೇ ಅದರ ಅರ್ಥ. ಚಿತ್ರಪಟದ ಮಾತು ಬೇರೆ. ಅಲ್ಲಿನ ಪ್ರತಿ ಗೆರೆಯ ಹಿಂದೆಯೂ ಒಬ್ಬರ ಆಯ್ಕೆಯಿದೆ. ಹಾಗಾಗಿ ನಮಗೆ ಕಂಡದ್ದರ ಜೊತೆಗೆ, ಕಲಾವಿದ ಏನನ್ನು ಇಟ್ಟ, ಏನನ್ನು ಬಿಟ್ಟ ಎಂದೂ ಕೇಳಬೇಕಾಗುತ್ತದೆ.

ಸುರಪುರದಿಂದ ಈಚೆಗೆ

ಪಕ್ಕದ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸಾಂಪ್ರದಾಯಿಕ ಚಿತ್ರಕಲೆಯನ್ನು ಓದಲು ಈ ತೊಡಕಿರಲಿಲ್ಲ. ಕೊಳಲು ಕಂಡರೆ ಕೃಷ್ಣ, ಬಿಲ್ಲು ಕಂಡರೆ ರಾಮ. ಬರೆದವರೂ ನೋಡುವವರೂ ಕೇಳಿ ಬೆಳೆದ ಪುರಾಣ ಒಂದೇ. ಆಧುನಿಕ ಕಲಾವಿದ ತನ್ನ ಸಂಕೇತವನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಮನುಷ್ಯಾಕೃತಿಯ ಗುರುತು ಸಿಗುತ್ತದೆ, ಅದು ಅಲ್ಲೇಕೆ ನಿಂತಿದೆ ಎಂಬುದು ಮಾತ್ರ ಕೂಡಲೇ ಹೊಳೆಯದು.

ದೀಪ ಹಿಡಿದ ಹೆಣ್ಣು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ಗ್ಲೋ ಆಫ್ ಹೋಪ್’ ಚಿತ್ರವನ್ನು ರವಿವರ್ಮನದೆಂದೇ ನಂಬಿದವರು ಬಹಳ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು 1940ರ ದಶಕದಲ್ಲಿ ಎಸ್.ಎಲ್. ಹಲ್ದಣಕರ್ ಬರೆದ ಜಲವರ್ಣ. ರೂಪದರ್ಶಿ ಅವರ ಮಗಳೇ.

ದೀಪವೆಂದರೆ ಜ್ಞಾನ, ಮಂಗಳ ಎಂದು ಹೇಳಿ ಮುಂದೆ ಸಾಗುವುದು ಸುಲಭ. ತಪ್ಪೇನೂ ಅಲ್ಲ, ಆದರೆ ಸಾಲದು. ನನಗೆ ಈ ಚಿತ್ರದ ಜೀವ ಕಾಣುವುದು ಆಕೆಯ ಇನ್ನೊಂದು ಕೈಯಲ್ಲಿ. ಕುಡಿಗೆ ಅಡ್ಡ ಹಿಡಿದ ಬೆರಳುಗಳ ಮೂಲಕ ಬೆಳಕು ಕೆಂಪಗೆ ಸೋಸಿ ಬರುತ್ತದೆ. ಮುಖ ಬೆಳಗಿದೆ, ಸುತ್ತ ಕತ್ತಲು. ಕೈ ಅಡ್ಡ ಬಂದಿದೆ ಎಂದರೆ ಗಾಳಿಯ ಭಯವಿದೆ, ದೀಪ ಆರಿಹೋಗಬಹುದು. ಭರವಸೆ ಎಂಬ ಹೆಸರಿಗೆ ತೂಕ ಬರುವುದು ಅಲ್ಲಿಂದ. ಜಲವರ್ಣದಲ್ಲಿ ಬೆಳಕೆಂದರೆ ಸಾಮಾನ್ಯವಾಗಿ ಬಣ್ಣ ಮುಚ್ಚದಂತೆ ಕಾಪಾಡಿಕೊಂಡ ಕಾಗದದ ಬಿಳುಪು. ಆಕೆ ದೀಪಕ್ಕೆ ಮಾಡುತ್ತಿರುವುದನ್ನೇ ಕಲಾವಿದ ಕಾಗದಕ್ಕೆ ಮಾಡಿದ್ದಾನೆ.

ಬಾಲ್ಕನಿಯ ಬೆತ್ತಲೆ ಮನುಷ್ಯ

ಬರೋಡದ ಭೂಪೇನ್ ಖಖ್ಖರ್ 1981ರಲ್ಲಿ ಬರೆದ ‘ಯು ಕಾಂಟ್ ಪ್ಲೀಸ್ ಆಲ್’ ಇನ್ನೂ ಬಿಗಿಯಾದ ಒಗಟು. ಕತ್ತೆಯೊಡನೆ ಹೊರಟ ಅಪ್ಪ ಮಗ ಊರವರನ್ನೆಲ್ಲ ಮೆಚ್ಚಿಸಲು ಹೋಗಿ ಕೆಟ್ಟ ಕಥೆ ನಮಗೂ ಗೊತ್ತು. ಅದು ಕೆಳಗೆ ನಡೆಯುತ್ತಿದೆ. ಬೆತ್ತಲೆ ಮನುಷ್ಯನೊಬ್ಬ ಬಾಲ್ಕನಿಯಿಂದ ನೋಡುತ್ತಿದ್ದಾನೆ. ಅವನು ಕಲಾವಿದನೇ.

ಬೆತ್ತಲೆ ಎಂದೊಡನೆ ಕನ್ನಡಿಗರಿಗೆ ಅಕ್ಕಮಹಾದೇವಿ ನೆನಪಾಗುವುದು ಸಹಜ. ಆ ಅರ್ಥವನ್ನು ಇಲ್ಲಿಗೆ ಹೊತ್ತು ತಂದರೆ ಚಿತ್ರ ಕೈ ತಪ್ಪುತ್ತದೆ. ಖಖ್ಖರ್ ತನ್ನ ಸಲಿಂಗ ಒಲವನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತಿದ್ದ ಕಾಲವದು. ಈ ಬೆತ್ತಲೆಯಲ್ಲಿ ವೈರಾಗ್ಯವಿಲ್ಲ. ಊರಿನ ಮೆಚ್ಚುಗೆಗಾಗಿ ಇನ್ನು ವೇಷ ಹಾಕೆನೆಂಬ ತೀರ್ಮಾನವಿದೆ. ಕಥೆ ಮತ್ತು ಬದುಕು, ಎರಡರಲ್ಲಿ ಒಂದು ತಿಳಿಯದಿದ್ದರೂ ಓದು ಅರ್ಧಕ್ಕೇ ನಿಲ್ಲುತ್ತದೆ. ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.