ಚಟುವಟಿಕೆ ಆಧಾರಿತ ಕಲಿಕೆ (ಚೆನ್ನೈ)

ಚೆನ್ನೈ ಮಹಾನಗರ ಪಾಲಿಕೆಯ ಶಾಲೆಗಳಲ್ಲಿ 2003ರಲ್ಲಿ ಆರಂಭವಾದ ಪ್ರಾಥಮಿಕ ಬೋಧನಾ ಪದ್ಧತಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ಇದರ ಮೂಲ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಮ್ಮ ಕರ್ನಾಟಕದ ನಲಿ-ಕಲಿ ಪದ್ಧತಿಗೂ ಅದೇ ತವರು. ಪಠ್ಯವನ್ನು ಸಣ್ಣ ಮೈಲುಗಲ್ಲುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಲಾಗುತ್ತದೆ. ಮಗು ತಾನಿರುವ ಮೆಟ್ಟಿಲನ್ನು ಚಿತ್ರದ ಗುರುತಿನಿಂದ ಕಂಡುಕೊಂಡು, ಅದೇ ಗುರುತಿನ ಕಾರ್ಡು ಎತ್ತಿಕೊಂಡು, ಚಾಪೆಯ ಮೇಲೆ ತನ್ನ ಗುಂಪಿನಲ್ಲಿ ಕೂರುತ್ತದೆ. ಗೋಡೆಯ ತಳಭಾಗದ ಕಪ್ಪುಹಲಗೆ ಮಕ್ಕಳದೇ. ಪರೀಕ್ಷೆಯೂ ಏಣಿಯೊಳಗೇ ಸೇರಿರುವುದರಿಂದ ಅದರ ಭಯ ಕಡಿಮೆ. ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಪದ್ಧತಿಯ ನಿಜವಾದ ಹೆಚ್ಚುಗಾರಿಕೆ ಇದು. ಆದರೆ ಒಬ್ಬರೇ ಶಿಕ್ಷಕರು ಹಲವು ಗುಂಪುಗಳನ್ನು ನೋಡಬೇಕಾದಲ್ಲಿ ಕಾರ್ಡು ಮುಗಿಸುವುದೇ ಪಾಠವಾಗಿಬಿಡುವ ಅಪಾಯವುಂಟು. 2007-08ರ ಸಾಲಿನಲ್ಲಿ ತಮಿಳುನಾಡು ಇದನ್ನು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ನಾಲ್ಕನೇ ತರಗತಿಗಳಿಗೆ ವಿಸ್ತರಿಸಿತು.