ಹವ್ಯಾಸದಿಂದ ವೃತ್ತಿಗೆ: ಜಾಲತಾಣ ವಿನ್ಯಾಸದ ಆರಂಭಿಕ ಘಟ್ಟ

ಹೊಸ ಕಸುಬೊಂದು ರೂಪುಗೊಳ್ಳುವ ಕಾಲದಲ್ಲಿ ಅದಕ್ಕೆ ಗುರುಪರಂಪರೆಯಾಗಲಿ, ಪದವಿಯಾಗಲಿ, ನಿಗದಿತ ಸಂಭಾವನೆಯಾಗಲಿ ಇರುವುದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿದ ಜಾಲತಾಣ ವಿನ್ಯಾಸವು ಇದಕ್ಕೆ ಉತ್ತಮ ನಿದರ್ಶನ. ಬಿಡುವಿನ ವೇಳೆಯ ಆಸಕ್ತಿಯಾಗಿದ್ದ ಈ ಕೆಲಸ ಕೆಲವೇ ವರ್ಷಗಳಲ್ಲಿ ಜೀವನೋಪಾಯವಾದುದನ್ನು ಸಾಮಾನ್ಯವಾಗಿ ವ್ಯಕ್ತಿಪ್ರತಿಭೆಯ ಫಲವೆಂದು ವಿವರಿಸಲಾಗುತ್ತದೆ. ಆದರೆ ಆ ಪ್ರತಿಭೆಗೆ ನೆಲೆಯೊದಗಿಸಿದ ಚಾರಿತ್ರಿಕ ಕಾರಣಗಳನ್ನು ಪರಿಶೀಲಿಸದಿದ್ದರೆ ಈ ವಿವರಣೆ ಅಪೂರ್ಣವಾಗುತ್ತದೆ.

ಮೊದಲನೆಯ ಕಾರಣ ಜ್ಞಾನದ ಮುಕ್ತತೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ವಿಶ್ವವ್ಯಾಪಿ ಜಾಲದ ತಂತ್ರಾಂಶವನ್ನು ಆ ಸಂಸ್ಥೆಯು 1993ರ ಏಪ್ರಿಲ್ 30ರಂದು ಸಾರ್ವಜನಿಕರ ಮುಕ್ತ ಬಳಕೆಗೆ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಮೊಸಾಯಿಕ್ ಬ್ರೌಸರ್ ಪಠ್ಯದ ನಡುವೆಯೇ ಚಿತ್ರಗಳನ್ನು ತೋರಿಸತೊಡಗಿತು. ಯಾವುದೇ ಪುಟದ ಹಿಂದಿರುವ ಎಚ್‌ಟಿಎಂಎಲ್ ಬರಹವನ್ನು ತೆರೆದು ನೋಡುವ ಅವಕಾಶ ಬ್ರೌಸರುಗಳಲ್ಲಿ ಇದ್ದುದರಿಂದ, ಒಬ್ಬರ ಕೆಲಸವೇ ಮತ್ತೊಬ್ಬರಿಗೆ ಪಠ್ಯಪುಸ್ತಕವಾಯಿತು. 1994ರಲ್ಲಿ ಪ್ರಾರಂಭವಾಗಿ ಮುಂದೆ ಜಿಯೋಸಿಟೀಸ್ ಎಂದು ಹೆಸರಾದ ಸೇವೆಯು ಉಚಿತ ಸ್ಥಳಾವಕಾಶ ನೀಡಿ ಈ ಸ್ವಯಂಶಿಕ್ಷಣವನ್ನು ಜನಸಾಮಾನ್ಯರವರೆಗೆ ವಿಸ್ತರಿಸಿತು.

ಎರಡನೆಯದು ಬೇಡಿಕೆ. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣವು ಹಣ ಪಡೆದು ಜಾಹೀರಾತು ಪಟ್ಟಿಗಳನ್ನು ಪ್ರಕಟಿಸಿತು. ವಾಣಿಜ್ಯ ಬಳಕೆಗೆ ನಿರ್ಬಂಧವಿದ್ದ ಎನ್‌ಎಸ್‌ಎಫ್‌ನೆಟ್ ಬೆನ್ನೆಲುಬು ಜಾಲವು 1995ರ ಏಪ್ರಿಲ್‌ನಲ್ಲಿ ಸ್ಥಗಿತಗೊಂಡು ಅಂತರಜಾಲವು ಖಾಸಗಿ ಸಂಸ್ಥೆಗಳ ಕೈಸೇರಿತು. ಉದ್ಯಮಗಳಿಗೆ ಜಾಲತಾಣಗಳು ಬೇಕಾದಾಗ ತರಬೇತಾದ ವೃತ್ತಿಪರರು ಇರಲಿಲ್ಲ. ಇದ್ದವರು ಹವ್ಯಾಸಿಗಳು ಮತ್ತು ನೆರೆಯ ಕಸುಬಿನವರು. ಜಾಹೀರಾತು ಬರೆಹಗಾರರಾಗಿದ್ದ ಜೆಫ್ರಿ ಜೆಲ್ಡ್‌ಮನ್ 1995ರಲ್ಲಿ ಸಹೋದ್ಯೋಗಿಗಳೊಡನೆ ‘ಬ್ಯಾಟ್‌ಮನ್ ಫಾರೆವರ್’ ಚಲನಚಿತ್ರದ ತಾಣವನ್ನು ರೂಪಿಸಿ ಈ ಕ್ಷೇತ್ರ ಪ್ರವೇಶಿಸಿದರು. ಅದೇ ವರ್ಷ ಆರಂಭಿಸಿದ ತಮ್ಮ ಸ್ವಂತ ತಾಣದಲ್ಲಿ ತಾವು ಕಲಿತದ್ದನ್ನು ಇತರರಿಗೆ ಉಚಿತವಾಗಿ ಕಲಿಸಿದರು.

ಮೂರನೆಯದು ಶಿಷ್ಟತೆ. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಬ್ರೌಸರುಗಳ ಪೈಪೋಟಿಯಿಂದಾಗಿ ಒಂದೇ ಪುಟ ಎರಡು ಕಡೆ ಎರಡು ಬಗೆಯಾಗಿ ಕಾಣುತ್ತಿತ್ತು. ಹವ್ಯಾಸಿಗೆ ಇದು ಕೇವಲ ಕಿರಿಕಿರಿ. ಕೂಲಿಗೆ ದುಡಿಯುವವನಿಗೆ ನಷ್ಟ. ವಿನ್ಯಾಸವನ್ನು ಪಠ್ಯದಿಂದ ಬೇರ್ಪಡಿಸುವ ಸಿಎಸ್‌ಎಸ್ ಶಿಫಾರಸು 1996ರ ಡಿಸೆಂಬರಿನಲ್ಲಿ ಹೊರಬಂದರೂ ಬ್ರೌಸರುಗಳು ಅದನ್ನು ಸರಿಯಾಗಿ ಅಳವಡಿಸಿಕೊಳ್ಳಲಿಲ್ಲ. 1998ರಲ್ಲಿ ಜೆಲ್ಡ್‌ಮನ್ ಮೊದಲಾದವರು ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಮೂಲಕ ನಡೆಸಿದ ಚಳವಳಿಯನ್ನು ವಾಸ್ತವವಾಗಿ ಒಂದು ವೃತ್ತಿಸಮುದಾಯದ ಮೊದಲ ಸಂಘಟಿತ ದನಿಯೆಂದು ಪರಿಗಣಿಸಬಹುದು.

ಕನ್ನಡದ ಸಂದರ್ಭದಲ್ಲಿ ಈ ಪಯಣಕ್ಕೆ ಇನ್ನೊಂದು ತೊಡಕಿತ್ತು. ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆಯನ್ನು ಆರಂಭಿಸಿದರು. ಮುಂದೆ ಆ ಹುದ್ದೆಯನ್ನು ತೊರೆದು ಕನ್ನಡ ಗಣಕ ಕ್ಷೇತ್ರಕ್ಕೆ ಪೂರ್ಣಾವಧಿಯಾಗಿ ಬಂದರು. ಅಂದು ಒಂದೊಂದು ಅಕ್ಷರಶೈಲಿಯೂ ಒಂದೊಂದು ಸಂಕೇತಕ್ರಮವನ್ನು ಅನುಸರಿಸುತ್ತಿದ್ದುದರಿಂದ ಪುಟ ಕಟ್ಟುವುದಕ್ಕಿಂತ ಓದುಗನ ಗಣಕದಲ್ಲಿ ಕನ್ನಡ ಮೂಡಿಸುವುದೇ ದೊಡ್ಡ ಕೆಲಸವಾಗಿತ್ತು. ಯುನಿಕೋಡ್ ಬಳಕೆ ಹರಡಿದ ಮೇಲಷ್ಟೇ ಈ ಭಾರ ಇಳಿಯಿತು.

ಹೀಗೆ ಮುಕ್ತ ಜ್ಞಾನ, ಮಾರುಕಟ್ಟೆ, ಶಿಷ್ಟತೆ ಈ ಮೂರೂ ಕೂಡಿದಲ್ಲಿ ಹವ್ಯಾಸವು ವೃತ್ತಿಯಾಯಿತು. ಆದರೆ ವೃತ್ತಿಯು ತನ್ನ ಬಾಲ್ಯದ ದಾಖಲೆಗಳನ್ನು ಕಾಪಾಡಿಕೊಳ್ಳಲಿಲ್ಲ. 1999ರಲ್ಲಿ ಯಾಹೂ ಕೊಂಡುಕೊಂಡ ಜಿಯೋಸಿಟೀಸ್‌ನ ಅಮೆರಿಕದ ಸೇವೆ 2009ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಅಸಂಖ್ಯ ಹವ್ಯಾಸಿ ಪುಟಗಳು ಅಳಿವಿನಂಚಿಗೆ ಬಂದವು; ಉಳಿದ ಭಾಗವನ್ನು ನಕಲಿಸಿ ರಕ್ಷಿಸಿದವರಲ್ಲಿ ಸ್ವಯಂಸೇವಕರೂ ಇದ್ದರು. ತಾಳೆಗರಿಯನ್ನು ಗೆದ್ದಲು ತಿನ್ನಲು ವರ್ಷಗಳು ಬೇಕು. ಜಾಲಪುಟ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಹಳೆಯ ಅಕ್ಷರಶೈಲಿಗಳಲ್ಲಿರುವ ಆರಂಭಿಕ ಕನ್ನಡ ಜಾಲಪುಟಗಳನ್ನು, ಅವುಗಳನ್ನು ಓದಲು ಬೇಕಾದ ತಂತ್ರಾಂಶದೊಡನೆ ಸಂಗ್ರಹಿಸುವುದು ಗ್ರಂಥಾಲಯಗಳ ಮುಂದಿರುವ ತುರ್ತಿನ ಹೊಣೆಯಾಗಿದೆ.